ಬೆರಳಿನ ಓದಿನಲ್ಲಿ ಪಾಠಶುದ್ಧಿ

ಗ್ರಂಥಸಂಪಾದನೆಯಲ್ಲಿ ತೊಡಗಿದವರು ಪಾಠವೆಂಬುದನ್ನು ಓಲೆಗರಿ, ಕಾಗದದ ಪ್ರತಿ, ಅಚ್ಚಿನ ಪುಸ್ತಕ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸುವುದು ವಾಡಿಕೆ. ನಾಲ್ಕನೆಯ ನೆಲೆಯೊಂದು ಈಗ ಏರ್ಪಟ್ಟಿದ್ದರೂ ಅದರ ಕಡೆಗೆ ವಿದ್ವಾಂಸರ ಲಕ್ಷ್ಯ ಇನ್ನೂ ಸಾಕಷ್ಟು ಹರಿದಿಲ್ಲ. ಅಂಧ ವಾಚಕನು ತೊಡೆಯ ಮೇಲೋ ಮೇಜಿನ ಮೇಲೋ ಇಟ್ಟುಕೊಂಡು ಓದುವ ಬ್ರೈಲ್ ಕೈಗಣಕವೇ ಆ ನೆಲೆ. ಓಲೆಯ ಮೇಲೆ ಕೊರೆದ ಅಕ್ಷರ ಕೊರೆದಂತೆಯೇ ನಿಲ್ಲುತ್ತದೆ. ಅಚ್ಚಾದ ಪುಟ ಅಚ್ಚಾದಂತೆಯೇ ಇರುತ್ತದೆ. ಈ ಯಂತ್ರದಲ್ಲಿ ಹಾಗಲ್ಲ. ಅದರ ಮುಖದ ಮೇಲಿನ ಸಣ್ಣ ಮೊಳೆಗಳು ಪ್ರತಿಯೊಂದು ಸಾಲಿಗೂ ಹೊಸದಾಗಿ ಮೇಲೇಳುತ್ತವೆ, ಮುಂದಿನ ಸಾಲಿಗೆ ಅಡಗುತ್ತವೆ. ಯಾವ ಮೊಳೆ ಏಳಬೇಕು, ಒಂದು ಸಾಲಿನಲ್ಲಿ ಎಷ್ಟು ಪದ ನಿಲ್ಲಬೇಕು, ಯಾವ ಚಿಹ್ನೆ ಲೋಪವಾಗಬೇಕು ಎಂಬುದೆಲ್ಲ ಯಂತ್ರದೊಳಗೆ ಮೊದಲೇ ಮಾಡಿಟ್ಟ ಏರ್ಪಾಡನ್ನು ಅವಲಂಬಿಸಿದೆ. ಬಳಕೆಯಲ್ಲಿ ಇದಕ್ಕೆ ಸೆಟ್ಟಿಂಗು ಎಂದು ಹೆಸರು. ಇದನ್ನು ಯಂತ್ರ ಮಾರುವವನ ಅಥವಾ ರಿಪೇರಿಯವನ ಕೆಲಸವೆಂದು ಎಣಿಸುವುದು ಲೋಕರೂಢಿ. ಕನ್ನಡದ ಮಟ್ಟಿಗೆ ಅದು ಸಂಪಾದಕನ ಕೆಲಸ.

ಫ್ರಾನ್ಸಿನ ಲೂಯಿ ಬ್ರೈಲ್ (1809–1852) ತನ್ನ ಪದ್ಧತಿಯನ್ನು 1829ರಲ್ಲಿ ಪ್ರಕಟಿಸಿದನು. ಎರಡು ಕಂಬಗಳಲ್ಲಿ ಮೂರು ಮೂರರಂತೆ ಆರು ಚುಕ್ಕಿಗಳು. ಎಡಗಡೆ ಮೇಲಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಇವುಗಳ ಉಬ್ಬುತಗ್ಗುಗಳಿಂದ 63 ರೂಪಗಳು ದೊರೆಯುತ್ತವೆ. ಒಂದು ರೂಪ ನಿಲ್ಲುವ ತಾಣವನ್ನು ಕೋಶವೆನ್ನಬಹುದು. 1987ರಲ್ಲಿ ಅಮೆರಿಕದಲ್ಲಿ ಹೊರಬಂದ ಬ್ರೈಲ್ ಎನ್ ಸ್ಪೀಕ್ ಎಂಬ ಯಂತ್ರದಲ್ಲಿ ಬ್ರೈಲ್ ಕೀಲಿಗಳಿದ್ದರೂ ಉತ್ತರ ಬರುತ್ತಿದ್ದುದು ಧ್ವನಿಯಲ್ಲಿ ಮಾತ್ರ. ಅನಂತರ ಬಂದವುಗಳಲ್ಲಿ ಉಬ್ಬುಚುಕ್ಕಿಯ ಸಾಲೂ ಸೇರಿತು. ಈಗ ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಆರ್ಬಿಟ್ ರೀಡರ್ 20 ಎಂಬುದರಲ್ಲಿ ಇಪ್ಪತ್ತು ಕೋಶಗಳ ಒಂದು ಸಾಲು ಇದೆ, ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡು 2019ರಲ್ಲಿ ಹೊರಬಂದ ಡಾಟ್‌ಬುಕ್ ಇಪ್ಪತ್ತು ಮತ್ತು ನಲವತ್ತು ಕೋಶಗಳ ಎರಡು ಬಗೆಗಳಲ್ಲಿ ಬಂದಿತು. ಯಂತ್ರಗಳ ತಾರತಮ್ಯ ಇಲ್ಲಿ ಪ್ರಸ್ತುತವಲ್ಲ. ಇವೆಲ್ಲವುಗಳಿಗೂ ಸಮಾನವಾದ ಒಂದು ಅಂಶವುಂಟು: ಲಿಖಿತ ಅಕ್ಷರವನ್ನು ಚುಕ್ಕಿಗೂ ಚುಕ್ಕಿಯನ್ನು ಲಿಖಿತ ಅಕ್ಷರಕ್ಕೂ ಬದಲಿಸುವ ಕೋಷ್ಟಕವೊಂದು ಪ್ರತಿಯೊಂದರ ಒಡಲಲ್ಲಿಯೂ ಇದೆ. ವಿವಾದವೆಲ್ಲ ಆ ಕೋಷ್ಟಕದ ಸುತ್ತ.

ಭಾರತದಲ್ಲಿ 1951ಕ್ಕಿಂತ ಮುಂಚೆ ಬ್ರೈಲ್ ಪದ್ಧತಿಗಳು ಅನೇಕವಾಗಿದ್ದವು. ಒಂದು ಪ್ರಾಂತದಲ್ಲಿ ಕಲಿತವನು ಇನ್ನೊಂದು ಪ್ರಾಂತದ ಪುಸ್ತಕವನ್ನು ಓದಲಾರದೆ ಹೋಗುವ ಸ್ಥಿತಿಯಿತ್ತು. ಆ ವರ್ಷ ಭಾರತಿ ಬ್ರೈಲ್ ಎಂಬ ಏಕರೂಪದ ಪದ್ಧತಿ ಅಂಗೀಕೃತವಾಯಿತು. ಇದರ ಸೂತ್ರ ಅತಿ ಸರಳ: ಧ್ವನಿ ಒಂದಾದರೆ ಚುಕ್ಕಿಯೂ ಒಂದು. ಕಕಾರಕ್ಕೆ 1-3 ಎಂದು ಗೊತ್ತುಮಾಡಿದ ಮೇಲೆ ಅದು ಹಿಂದಿಯಲ್ಲಿಯೂ ತಮಿಳಿನಲ್ಲಿಯೂ ಕನ್ನಡದಲ್ಲಿಯೂ 1-3ಯೇ.

ಈ ಸೂತ್ರದ ಸೊಗಸು ಬಳ್ಳಾರಿಯ ಸೀಮೆಯಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆಡೆ ತಿಳಿಯಲಾರದು. 1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲೂಕುಗಳು ಮೈಸೂರಿಗೂ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದುದು ಎಲ್ಲರಿಗೂ ತಿಳಿದ ಸಂಗತಿ. ಗಡಿ ಎಳೆದರೂ ಮಾತು ಬೇರ್ಪಡಲಿಲ್ಲ. ತುಂಗಭದ್ರೆಯ ದಡದ ಸಿರುಗುಪ್ಪದಿಂದ ಆದೋನಿಯ ಕಡೆಗೆ ಹೋಗುವ ದಾರಿಯಲ್ಲಿ ಬತ್ತದ ವ್ಯಾಪಾರ, ಸಂಬಂಧ, ಸಂತೆ ಎಲ್ಲವೂ ಎರಡು ನುಡಿಗಳಲ್ಲಿ ನಡೆಯುತ್ತವೆ. ಕಣ್ಣುಳ್ಳವನಿಗೆ ಲಿಪಿಯೂ ಎರಡು. ತಲೆಕಟ್ಟು ಬೇರೆ, ಒತ್ತು ಬೇರೆ. ಬೆರಳಿಗೆ ಮಾತ್ರ ಲಿಪಿ ಒಂದೇ. ನೀರು ಎಂಬ ಪದ ಎರಡು ಭಾಷೆಗಳಿಗೂ ಸಮಾನ. ಬ್ರೈಲಿನಲ್ಲಿ ಅದರ ಬರವಣಿಗೆಯೂ 1-3-4-5, 3-5, 1-2-3-5, 1-3-6 ಎಂದು ಎರಡರಲ್ಲಿಯೂ ಒಂದೇ. ಅಚ್ಚಿನ ಲೋಕದಲ್ಲಿ ಕನ್ನಡಕ್ಕೂ ತೆಲುಗಿಗೂ ಒಂದೇ ಲಿಪಿ ಸಾಕೆಂದು ವಾದಿಸಿದವರು ಹಿಂದೆ ಇದ್ದರು. ಅವರಿಗೆ ದೊರೆಯದ ಐಕ್ಯ ಅಂಧ ವಾಚಕನಿಗೆ ಸದ್ದಿಲ್ಲದೆ ದೊರೆತಿದೆ.

ಆದರೆ ಇದೇ ಐಕ್ಯ ಯಂತ್ರದೊಳಗೆ ತೊಡಕಾಗುತ್ತದೆ. ಚುಕ್ಕಿಗಳಿಂದ ಅಕ್ಷರಕ್ಕೆ ಬದಲಿಸುವಾಗ ಈ ನಾಲ್ಕು ಕೋಶಗಳು ಕನ್ನಡದ ನೀರೋ ತೆಲುಗಿನ ನೀರೋ ಎಂಬುದನ್ನು ಚುಕ್ಕಿಗಳೇ ಹೇಳಲಾರವು. ಹೇಳಬೇಕಾದುದು ಕೋಷ್ಟಕ. ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡಕ್ಕೊಂದು, ತೆಲುಗಿಗೊಂದು ಬೇರೆ ಬೇರೆ ಕೋಷ್ಟಕಗಳಿರುವುದು ಈ ಕಾರಣಕ್ಕಾಗಿಯೇ. ಓದಿಗೆ ಒಂದು ಕೋಷ್ಟಕ, ಬರಹಕ್ಕೆ ಒಂದು ಕೋಷ್ಟಕ ಎಂದು ಎರಡನ್ನೂ ಪ್ರತ್ಯೇಕವಾಗಿ ಗೊತ್ತುಪಡಿಸಬೇಕಾಗುವುದನ್ನೂ ಇಲ್ಲಿ ನೆನಪಿಡಬೇಕು; ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆಯುವುದು ಅಪರೂಪವಲ್ಲ.

ತೆಲುಗಿನ ಕೋಷ್ಟಕ ಉಳಿದುಹೋದರೆ ಅಪಾಯ ಅಲ್ಪ. ಲಿಪಿ ಬದಲಾದರೂ ಧ್ವನಿ ಉಳಿಯುತ್ತದೆ. ಯಂತ್ರ ಕಾರ್ಖಾನೆಯಿಂದ ಹೊರಡುವಾಗ ಇರುವ ಇಂಗ್ಲಿಷಿನ ಸಂಕ್ಷಿಪ್ತ ಬ್ರೈಲ್ ಕೋಷ್ಟಕ ಹಾಗೆಯೇ ಉಳಿದರೆ ಆಗುವ ಅನರ್ಥ ಬೇರೆ ತೆರನಾದುದು. ಇಂಗ್ಲಿಷಿನವರು ಕಾಗದ ಉಳಿಸಲೆಂದು ಅನೇಕ ಕೋಶಗಳಿಗೆ ಇಡೀ ಪದಗಳ ಬೆಲೆ ಕೊಟ್ಟಿದ್ದಾರೆ. ನಮ್ಮ ಧಕಾರದ 2-3-4-6 ಅವರಲ್ಲಿ 'ದಿ' ಎಂಬ ಉಪಪದ. ಟಕಾರದ 2-3-4-5-6 'ವಿತ್' ಎಂಬ ಪದ. ಢಕಾರದ ಆರೂ ಚುಕ್ಕಿಗಳು 'ಫಾರ್' ಎಂಬ ಪದ. ಆದಕಾರಣ ಧನ ಎಂದು ಬರೆದುದನ್ನು ಯಂತ್ರವು 'ದೆನ್' ಎಂಬ ಇಂಗ್ಲಿಷ್ ಪದವೆಂದು ತಿಳಿದು ಹಾಗೆಯೇ ಉಳಿಸಿಕೊಳ್ಳುತ್ತದೆ. ಇನ್ನೂ ವಿನೋದಕರವಾದುದು ಣಕಾರ. ಅದರ 3-4-5-6 ಇಂಗ್ಲಿಷಿನಲ್ಲಿ ಮಾತ್ರವಲ್ಲ, ಕನ್ನಡದಲ್ಲಿಯೂ ಅಂಕೆಯ ಪೂರ್ವಚಿಹ್ನೆ. ಅದರ ಮುಂದೆ ಬರುವ ಅಕ್ಷರಗಳು ಅಂಕೆಗಳಾಗುತ್ತವೆ. ಶಾಸನಗಳಲ್ಲಿಯೂ ಬಳ್ಳಾರಿಯ ಪೇಟೆಯಲ್ಲಿಯೂ ಪರಿಚಿತವಾದ ಬಣಜಿಗ ಎಂಬ ಮಾತು ಇಂಗ್ಲಿಷ್ ಕೋಷ್ಟಕಕ್ಕೆ ಸಿಕ್ಕಿದರೆ ಮೊದಲಿನ 'ಬಿ' ಅಕ್ಷರವೊಂದುಳಿದು ಮಿಕ್ಕುದು 097 ಆಗಿ ಪರಿಣಮಿಸುತ್ತದೆ. ಕನ್ನಡ ಪದಗಳು ಣಕಾರದಿಂದ ಆರಂಭವಾಗುವುದು ವಿರಳವಾದುದರಿಂದ ಪದಾದಿಯಲ್ಲಿ ಅಂಕೆ, ಪದಮಧ್ಯದಲ್ಲಿ ಣಕಾರ ಎಂಬ ವ್ಯವಸ್ಥೆಯಿಂದ ಕನ್ನಡ ಕೋಷ್ಟಕವು ಈ ತೊಡಕಿನಿಂದ ಪಾರಾಗಬಹುದು. ಇಂಗ್ಲಿಷಿಗೆ ಆ ವಿವೇಕ ಇರಬೇಕಾಗಿಲ್ಲ.

ಇದರ ಘೋರವಾದ ಅಂಶ ಬರೆದವನಿಗೆ ತಪ್ಪು ತಿಳಿಯದಿರುವುದು. ತಾನು ಒತ್ತಿದ ಚುಕ್ಕಿಗಳನ್ನೇ ಯಂತ್ರ ತಿರುಗಿ ಬೆರಳಿಗೆ ಒಪ್ಪಿಸುತ್ತದೆ. ಇಂಗ್ಲಿಷ್ ಕೋಷ್ಟಕದಿಂದ ಹೋದುದು ಇಂಗ್ಲಿಷ್ ಕೋಷ್ಟಕದಿಂದಲೇ ಬರುವುದರಿಂದ ಬೆರಳಿಗೆ ಧನವು ಧನವಾಗಿಯೇ ತೋರುತ್ತದೆ. ಕಡತ ಅಧ್ಯಾಪಕನ ಕಣ್ಣಿಗೆ ಬಿದ್ದಾಗ ಅಲ್ಲಿ ಕನ್ನಡವೇ ಇಲ್ಲ. ಕುರುಗೋಡಿನಿಂದ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಕನ್ನಡ ಎಂ.ಎ. ಓದಲು ಬರುವ ಅಂಧ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಂಡರೆ ಇದರ ಭಾರ ತಿಳಿಯುತ್ತದೆ. ಅವನ ಪ್ರಬಂಧದ ದೋಷ ಅವನದಲ್ಲ. ಆದರೆ ಅಂಕ ಕಳೆಯುವುದು ಅವನದು. ಓಲೆಯ ಪ್ರತಿಕಾರನ ಪ್ರಮಾದವನ್ನು ಕವಿಯ ತಲೆಗೆ ಕಟ್ಟಬಾರದೆಂಬ ನ್ಯಾಯವನ್ನು ಪಂಪರನ್ನರ ವಿಷಯದಲ್ಲಿ ಪಾಲಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಯ ವಿಷಯದಲ್ಲಿ ಅದನ್ನು ಮರೆಯಬಾರದು.

ಇಷ್ಟು ದೋಷವಿಚಾರ. ಕೋಷ್ಟಕ ಸರಿಯಾಗಿದ್ದರೆ ಬ್ರೈಲ್ ಕನ್ನಡವು ಅಚ್ಚಿನ ಕನ್ನಡಕ್ಕಿಂತ ಕೆಲವು ಅಂಶಗಳಲ್ಲಿ ವ್ಯಾಕರಣಕ್ಕೆ ಹತ್ತಿರವಾದುದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಅಚ್ಚಿನಲ್ಲಿ ಸ್ವರವು ಪದಾದಿಯಲ್ಲಿ ಒಂದು ರೂಪ, ವ್ಯಂಜನಕ್ಕೆ ಸೇರಿದಾಗ ಇನ್ನೊಂದು ರೂಪ. ಬ್ರೈಲಿನಲ್ಲಿ ಎರಡೂ ಒಂದೇ: ಆಕಾರ 3-4-5, ಕಾ ಎಂಬುದು ಕಕಾರದ ಮುಂದೆ ಅದೇ 3-4-5. ಧರ್ಮ ಎಂಬಲ್ಲಿ ರೇಫವು ಉಚ್ಚಾರದಲ್ಲಿ ಮಕಾರಕ್ಕಿಂತ ಮೊದಲು, ಅಚ್ಚಿನಲ್ಲಿ ಅರ್ಕಾವೊತ್ತಾಗಿ ಅದರ ಬಳಿಕ. ಎಳೆಯ ಮಕ್ಕಳು ಈ ವ್ಯತ್ಯಯವನ್ನು ಕಲಿಯಲು ಪಡುವ ಕಷ್ಟ ಉಪಾಧ್ಯಾಯರಿಗೆ ಗೊತ್ತು. ಬೆರಳಿಗೆ ಮೊದಲು ಧಕಾರ, ಆಮೇಲೆ 4ನೆಯ ಚುಕ್ಕಿ, ರೇಫ, ಮಕಾರ. ನುಡಿದ ಕ್ರಮವೇ ಬರೆದ ಕ್ರಮ.

ಈ 4ನೆಯ ಚುಕ್ಕಿಯ ಮಹತ್ವ ವಿಶೇಷವಾದುದು. ಅದು ಸ್ವರರಹಿತ ವ್ಯಂಜನದ ಹಿಂದೆ ಬರುವ ಚಿಹ್ನೆ. ಕತ್ತಲೆ ಎಂಬುದನ್ನು ಬರೆಯುವಾಗ ಕಕಾರವಾದೊಡನೆ 4, ಆಮೇಲೆ ಎರಡು ತಕಾರ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು. ಕಣ್ಣಿನಿಂದ ಪ್ರಸ್ತಾರ ಹಾಕುವವನು ಮುಂದಿನ ಅಕ್ಷರದ ಕೆಳಗೆ ನೋಡಿ ಹಿಂದಿನದಕ್ಕೆ ಗುರುಚಿಹ್ನೆ ಹಾಕಬೇಕು. ಬೆರಳಿಗೆ ಆ ಸೂಚನೆ ಗುರುವಾಗಬೇಕಾದ ಅಕ್ಷರದ ಬೆನ್ನಿಗೇ ದೊರೆಯುತ್ತದೆ. ದೀರ್ಘಸ್ವರಕ್ಕೆ ಪ್ರತ್ಯೇಕ ಕೋಶ. ಅನುಸ್ವಾರಕ್ಕೆ 5-6, ವಿಸರ್ಗಕ್ಕೆ 6. ಪದಾಂತ್ಯದ ಅರೆವ್ಯಂಜನಕ್ಕೆ ಮತ್ತೆ 4. ಗುರುವನ್ನು ಉಂಟುಮಾಡುವ ಕಾರಣಗಳೆಲ್ಲ ಹೀಗೆ ಅಕ್ಷರದ ಬಲಮಗ್ಗುಲಿಗೆ ಬಂದು ನಿಲ್ಲುತ್ತವೆ. ಕುಮಾರವ್ಯಾಸನ ಭಾಮಿನಿಯ 3, 4, 3, 4 ಎಂಬ ನಡೆಯನ್ನು ಬೆರಳು ಮಾತ್ರೆಯೆಣಿಸುತ್ತ ಹಿಡಿಯಬಲ್ಲುದು. ಎರಡು ಅಪವಾದಗಳುಂಟು. ಕ್ಷಕಾರಕ್ಕೂ ಜ್ಞಕಾರಕ್ಕೂ ಭಾರತಿ ಬ್ರೈಲಿನಲ್ಲಿ 1-2-3-4-5, 1-5-6 ಎಂಬ ಏಕಕೋಶಗಳಿವೆ. ಪಕ್ಷ, ಯಜ್ಞ ಎಂಬಲ್ಲಿ 4ರ ಸೂಚನೆಯಿಲ್ಲದೆ ಮೊದಲ ಅಕ್ಷರ ಗುರುವಾಗುತ್ತದೆ. ಇವನ್ನು ಕಂಠಸ್ಥವಾಗಿ ಇಟ್ಟುಕೊಳ್ಳಬೇಕು. ಶಿಥಿಲದ್ವಿತ್ವದ ಕಡೆಗಳಲ್ಲಿ 4 ಇದ್ದೂ ಗುರುವಿಲ್ಲ. ಆದರೆ ಅಲ್ಲಿ ಕಣ್ಣುಳ್ಳವನೂ ಎಡವುತ್ತಾನೆ. ಪದಾದಿಯ ಒತ್ತಕ್ಷರವು ಹಿಂದಿನ ಪದವನ್ನು ಹೇಗೆ ಮುಟ್ಟುತ್ತದೆಂಬುದರಲ್ಲಿಯೂ ವಿವೇಚನೆ ಬೇಕು.

ಹಳಗನ್ನಡದ ಮಾತು ಬಂದೊಡನೆ ಸಮಸ್ಯೆ ಗಹನವಾಗುತ್ತದೆ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರ ಒಂದು ಶಾಖೆಯ ನೆಲೆಯಾಗಿದ್ದ ಊರು. ದೊಡ್ಡಬಸವೇಶ್ವರನ ಗುಡಿಗೆ ಬರುವ ಭಕ್ತರು ಬಲ್ಲಂತೆ ಅಲ್ಲಿ ಹಳೆಯ ಗುಡಿಗಳ ಸಮೂಹವೂ ಕನ್ನಡ ಶಾಸನಗಳೂ ಇವೆ. ಶಾಸನಗಳ ಕಾಲದ ಲಿಪಿಯಲ್ಲಿ ಎ ಏ, ಒ ಓ ಎಂಬ ಹ್ರಸ್ವದೀರ್ಘಗಳಿಗೆ ಬೇರೆ ಬೇರೆ ಚಿಹ್ನೆಗಳಿರಲಿಲ್ಲ. ಓದುವವನು ಅರ್ಥದಿಂದಲೂ ಛಂದಸ್ಸಿನಿಂದಲೂ ನಿರ್ಣಯಿಸುತ್ತಿದ್ದನು. ಬ್ರೈಲಿನಲ್ಲಿ ಎ 2-6, ಏ 1-5. ಒ 1-3-4-6, ಓ 1-3-5. ಹ್ರಸ್ವಕ್ಕೂ ದೀರ್ಘಕ್ಕೂ ಬೇರೆ ಬೇರೆ ಕೋಶಗಳು. ಆದುದರಿಂದ ಶಾಸನವನ್ನು ಬ್ರೈಲಿಗೆ ತರುವವನು ಪ್ರತಿಯೊಂದು ಎಕಾರದಲ್ಲಿಯೂ ತೀರ್ಪು ಕೊಟ್ಟೇ ಮುಂದೆ ಹೋಗಬೇಕು; ಸಂದಿಗ್ಧವಾಗಿ ಬಿಡಲು ಅವಕಾಶವಿಲ್ಲ. ಅಚ್ಚಿನ ಸಂಪಾದಕನೂ ಹೀಗೆಯೇ ಮಾಡುತ್ತಾನೆ. ಆದರೆ ಅವನು ಆಶ್ರಯಿಸುವ ಶಿಲಾಲೇಖದ ಚಿತ್ರ ಪಕ್ಕದಲ್ಲಿರುತ್ತದೆ, ಬೆರಳಿನ ಓದುಗನಿಗೆ ಅದಿಲ್ಲ.

ಱಕಾರ, ೞಕಾರಗಳ ಗತಿ ಇದಕ್ಕಿಂತ ಕಷ್ಟ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳ ವಿವೇಕಕ್ಕೆ ಎಷ್ಟು ಶ್ರಮಪಟ್ಟನೆಂಬುದು ವಿದ್ವಾಂಸರಿಗೆ ವಿದಿತವೇ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ೞಕಾರಕ್ಕೆ ಸ್ಥಾನವೇನೋ ಇದೆ. ಆದರೆ ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಫಾ'. ಕೇಶಿರಾಜನು ಕೇಳಿದ್ದರೆ ಏನೆನ್ನುತ್ತಿದ್ದನೋ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮವಾದುದರಿಂದ ಹೆಸರು ಹಾಗೆಯೇ ಉಳಿದು, ತಿದ್ದುಪಡಿಯ ಹೆಸರೊಂದನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಹೆಸರನ್ನೇ ನಂಬಿ ಕೋಷ್ಟಕ ಕಟ್ಟುವವನು ಆೞ್ವವನನ್ನು ಏನು ಮಾಡಿಯಾನೆಂಬುದನ್ನು ಊಹಿಸಬಹುದು. ಕೋಷ್ಟಕದಲ್ಲಿ ಒಂದು ಅಕ್ಷರಕ್ಕೆ ಸ್ಥಾನವೇ ಇಲ್ಲದಿದ್ದರೆ ಲಿಬ್‌ಲೂಯಿಯಂಥ ತಂತ್ರಾಂಶವು ಅದರ ಸಂಕೇತಸಂಖ್ಯೆಯನ್ನೇ ಬಿಡಿಸಿ ಚುಕ್ಕಿಗಳಲ್ಲಿ ಒಪ್ಪಿಸುತ್ತದೆ. ಚಂಪೂಪದ್ಯದ ನಡುವೆ ಒಂದು ಅಕ್ಷರಕ್ಕೆ ಬದಲಾಗಿ ಹಲವು ಕೋಶಗಳ ಕಸ ಬೆರಳಿಗೆ ತಗಲುತ್ತದೆ. ಯಂತ್ರವನ್ನು ಹಳಗನ್ನಡದ ವಿದ್ಯಾರ್ಥಿಗೆ ಒಪ್ಪಿಸುವ ಮುನ್ನ ಈ ಎರಡು ಅಕ್ಷರಗಳನ್ನು ಬರೆಸಿ ಓದಿಸಿ ನೋಡದಿರುವುದು ಅಕ್ಷಮ್ಯ.

ಪ್ರತಿಗಳ ದೊರೆತವೂ ಪಾಠವಿಚಾರಕ್ಕೆ ಸೇರಿದುದು. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೇ ಮೊದಲಾದ ಕಡೆಗಳಿಂದ ಅಂಧರಿಗೆ ಒಗ್ಗುವ ಕಡತಗಳು ಬರುತ್ತಿವೆ. ಬ್ರೈಲ್ ಕಡತವಾಗಿಯೇ ಬಂದುದಕ್ಕೆ ಕೋಷ್ಟಕ ಬೇಕಿಲ್ಲ. ಚುಕ್ಕಿಗಳು ಇದ್ದಂತೆ ಏಳುತ್ತವೆ. ಯೂನಿಕೋಡಿನಲ್ಲಿ ಬಂದುದಕ್ಕೆ ಕೋಷ್ಟಕ ಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಾಠಪತ್ರಗಳ ಸ್ಥಿತಿ ಮಾತ್ರ ವಿಚಿತ್ರ: ಅವುಗಳ ಒಡಲಲ್ಲಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಪರದೆಯ ಮೇಲೆ ತೋರುವುದು ಮಾತ್ರ ಕನ್ನಡದ ಆಕಾರ. ಅದು ಕಣ್ಣಿಗಷ್ಟೇ ಕನ್ನಡ. ಬೆರಳಿನ ಮುಂದೆ ಆ ವೇಷ ಕಳಚಿ ಬೀಳುತ್ತದೆ. ಯೂನಿಕೋಡಿಗೆ ಪರಿವರ್ತಿಸದೆ ಅಂಥ ಕಡತವನ್ನು ಕೊಡುವುದು ಬರಿಯ ಕಾಗದ ಕೊಟ್ಟಂತೆಯೇ ಸರಿ.

ಇನ್ನು ಸಾಲಿನ ವಿಚಾರ. ಮಾಡಬೇಕಾಗಿತ್ತು ಎಂಬುದು ಅಚ್ಚಿನಲ್ಲಿ ಆರು ಅಕ್ಷರ, ಬ್ರೈಲಿನಲ್ಲಿ ಹದಿಮೂರು ಕೋಶ. ಪದವನ್ನು ಒಡೆಯಬಾರದೆಂಬ ಏರ್ಪಾಡನ್ನು ಇಂಗ್ಲಿಷ್ ಓದುಗರು ಬಯಸುವುದು ಸಹಜ. ಅವರ ಪದಗಳು ಗಿಡ್ಡ. ಇಪ್ಪತ್ತು ಕೋಶಗಳ ಸಾಲಿನಲ್ಲಿ ಕನ್ನಡ ಗದ್ಯಕ್ಕೆ ಅದನ್ನು ಹೂಡಿದರೆ ಸಂಧಿಸಮಾಸಗಳ ಕೃಪೆಯಿಂದ ಅನೇಕ ಸಾಲುಗಳಲ್ಲಿ ಒಂದೇ ಪದ ನಿಂತು ಮಿಕ್ಕ ಸ್ಥಳ ಬರಿದಾಗುತ್ತದೆ, ಬೆರಳು ಮುಂದಿನ ಸಾಲಿನ ಕೀಲಿಯನ್ನು ಒತ್ತುವುದರಲ್ಲಿಯೇ ದಣಿಯುತ್ತದೆ. ಗದ್ಯಕ್ಕೆ ಅದನ್ನು ತೆಗೆದುಹಾಕುವುದು ಲೇಸು. ಪದ್ಯಕ್ಕೆ ಬೇರೆ ನ್ಯಾಯ. ಭಾಮಿನಿಯ ಹದಿನಾಲ್ಕು ಮಾತ್ರೆಯ ಪಾದ ಇಪ್ಪತ್ತು ಕೋಶಗಳ ಆಸುಪಾಸಿನದು. ಮೂರನೆಯ ಮತ್ತು ಆರನೆಯ ಪಾದಗಳು ಎರಡು ಸಾಲಿಗೆ ಹರಿಯದೆ ತೀರದು. ಅಲ್ಲಿ ಪಾದಾಂತ್ಯ ಎಲ್ಲಿ, ಯಂತ್ರ ಮುರಿದ ಸಾಲಿನ ಅಂತ್ಯ ಎಲ್ಲಿ ಎಂಬುದು ಬೆರಳಿಗೆ ಭೇದವಾಗಿ ತಿಳಿಯಬೇಕು. ಖಾಲಿ ಜಾಗವನ್ನು ಕುಗ್ಗಿಸುವ ಸೌಕರ್ಯವುಳ್ಳ ಯಂತ್ರಗಳಲ್ಲಿ ಪದ್ಯ ಓದುವಾಗ ಅದನ್ನು ನಿಲ್ಲಿಸಲೇಬೇಕು. ಓಲೆಗರಿಯ ಪ್ರತಿಕಾರರೂ ಪಾದ ಮುರಿಯದೆ ಗದ್ಯದಂತೆಯೇ ಪದ್ಯವನ್ನು ಬರೆಯುತ್ತಿದ್ದರಲ್ಲ ಎಂದು ಯಾರಾದರೂ ಕೇಳಿಯಾರು. ನಿಜ, ಆದರೆ ಓಲೆಯ ಓದುಗನಿಗೆ ಇಡೀ ಪದ್ಯ ಒಂದೇ ನೋಟಕ್ಕೆ ಸಿಗುತ್ತಿತ್ತು. ಮಿಟುಕುವ ಕರ್ಸರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದು 7, 8ನೆಯ ಚುಕ್ಕಿಗಳಾಗಿ ಕೋಶದ ಕೆಳಗೆ ಎದ್ದು ಬೀಳುತ್ತಿರುತ್ತದೆ. ಬರೆಯುವಾಗ ಬೇಕು, ಓದುವಾಗ ಬೇಡ.

ಧ್ವನಿಯೇ ಇರುವಾಗ ಚುಕ್ಕಿಯೇಕೆ ಎಂಬ ಆಕ್ಷೇಪ ಸುಶಿಕ್ಷಿತರ ಬಾಯಲ್ಲಿಯೂ ಕೇಳಿಬರುತ್ತದೆ. ಬಳ್ಳಾರಿಯ ಕಡೆ ಸಾಹಿತ್ಯವೆಂದರೆ ಬಹುಮಟ್ಟಿಗೆ ಕೇಳಿದ ಸಾಹಿತ್ಯವೇ: ಬಯಲಾಟ, ಪುರಾಣ, ಗಮಕ. ಅಂಧರಾದ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಗದಗಿನಲ್ಲಿ ಕಟ್ಟಿ ಬೆಳೆಸಿದ ವಿದ್ಯೆಗೆ ಶ್ರವಣವೇ ಆಧಾರವಾಗಿತ್ತು. ಆ ಪರಂಪರೆಯನ್ನು ಕೀಳೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಆದರೆ ಪುರಾಣದಲ್ಲಿ ಓದುವವನು ಒಬ್ಬ, ಅರ್ಥ ಹೇಳುವವನು ಇನ್ನೊಬ್ಬ. ಅರ್ಥ ಹೇಳುವವನು ಕೇಳಿ ಹೇಳಬಲ್ಲ; ಪಾಠವನ್ನು ಶಂಕಿಸಬೇಕಾದವನು ಮುಟ್ಟಿ ನೋಡಬೇಕು. ಶಷಗಳ ಭೇದವನ್ನು ಯಂತ್ರದ ಧ್ವನಿ ನುಂಗಿದರೆ ಕೇಳಿದವನು ಅದನ್ನು ಹೇಗೆ ಕಂಡುಕೊಳ್ಳಬೇಕು? ಪದವಿಭಾಗದಲ್ಲಿ ಅನುಮಾನ ಬಂದಾಗ ಹಿಂದಿನ ಕೋಶಕ್ಕೆ ಬೆರಳನ್ನು ಸರಿಸಿ ನಿಲ್ಲುವ ಸ್ವಾತಂತ್ರ್ಯ ಶ್ರೋತೃವಿಗಿಲ್ಲ. ವಿಮರ್ಶೆ ಹುಟ್ಟುವುದು ಆ ನಿಲುಗಡೆಯಲ್ಲಿ. ಧ್ವನಿಯನ್ನು ತಗ್ಗಿಸಿಟ್ಟು ಬೆರಳಿನಿಂದ ಓದುವ ಏರ್ಪಾಡನ್ನು ಸಾಹಿತ್ಯದ ವಿದ್ಯಾರ್ಥಿಗೆ ಕಲಿಸಬೇಕಾದುದು ಈ ಕಾರಣದಿಂದ. ವೃತ್ತಪತ್ರಿಕೆಗೆ ಧ್ವನಿ ಸಾಕು.

ಹೀಗಿರಲು ಯಂತ್ರದ ಏರ್ಪಾಡು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಗೆ ಉತ್ತರ ಓದುಗನ ಕೈಯಲ್ಲಿ ಎಂಬುದೇ. ಇಂಗ್ಲಿಷ್, ಕನ್ನಡ, ತೆಲುಗು ಎಂಬ ಮೂರು ಕೋಷ್ಟಕಗಳ ನಡುವೆ ಅನ್ಯರ ನೆರವಿಲ್ಲದೆ ಹೋಗಿಬರುವುದನ್ನು ಅವನು ಮೊದಲ ದಿನವೇ ಕಲಿಯಬೇಕು. ಕನ್ನಡ ಅಧ್ಯಾಪಕನ ಪಾಲಿನದು ಪರೀಕ್ಷಾವಾಕ್ಯವೊಂದನ್ನು ಸಿದ್ಧಪಡಿಸಿಕೊಡುವುದು. ಅದರಲ್ಲಿ ಧನ ಇರಬೇಕು, ಬಣಜಿಗ ಇರಬೇಕು, ಧರ್ಮ, ಪಕ್ಷ, ಯಜ್ಞಗಳಿರಬೇಕು, ಎಕಾರ ಏಕಾರಗಳೂ ಒಕಾರ ಓಕಾರಗಳೂ ಇರಬೇಕು, ಒಂದು ಅಂಕೆಯಿರಬೇಕು, ಱ ೞಗಳಿರಬೇಕು. ವಿದ್ಯಾರ್ಥಿ ಅದನ್ನು ಯಂತ್ರದಲ್ಲಿ ಬರೆದು ಕಡತವನ್ನು ಕಳುಹಿಸಲಿ; ಅಧ್ಯಾಪಕನು ಪರದೆಯ ಮೇಲೆ ಓದಲಿ. ಬಳಿಕ ಅಧ್ಯಾಪಕನು ತಾನು ಬೆರಳಚ್ಚು ಮಾಡಿ ಕಳುಹಿಸಲಿ. ವಿದ್ಯಾರ್ಥಿ ಬೆರಳಿನಿಂದ ಓದಿ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಲಿ. ಎರಡು ದಿಕ್ಕಿನಲ್ಲಿಯೂ ೞಕಾರ ೞಕಾರವಾಗಿಯೇ ತಲಪಿದ ಮೇಲೆ ಪಂಪನ ಪಾಠವನ್ನು ಆರಂಭಿಸಬಹುದು.